ಸ್ಟಾಕ್ ರಿಜಿಸ್ಟರಿನ ಒಂದು ಸಾಲು: ಅದು ಕಾರಂಜಿಯೋ, ಶಿಲ್ಪವೋ?

"ಅಲಂಕಾರಿಕ ಕಾರಂಜಿ, ಪಂಪ್ ಸಹಿತ – 1."

ಕೊಪ್ಪಳದಿಂದ ಕುಕನೂರಿನ ಕಡೆ ಹೋಗುವಾಗ ಸಿಗುವ ಒಂದು ಸರ್ಕಾರಿ ಹೈಸ್ಕೂಲಿನ ಸ್ಟಾಕ್ ರಿಜಿಸ್ಟರಿನಲ್ಲಿ ಇದ್ದ ಸಾಲು ಇದು. ಮೇಲೆ ಬೆಂಚುಗಳು, ಒಂದು ಗ್ಲೋಬು, ಎರಡು ಕಬ್ಬಿಣದ ಕಪಾಟು. ಆಮೇಲೆ ಇದು. ಬರೆದ ಹೆಡ್‌ಮಾಸ್ತರರ ತಪ್ಪೇನೂ ಇಲ್ಲ. ದಾನವಾಗಿ ಬಂದ ವಸ್ತುವನ್ನು ಎಲ್ಲಾದರೂ ಬರೆದುಕೊಳ್ಳಲೇಬೇಕು. ನೀರು ಬರುತ್ತದೆ, ಕೆಳಗೆ ಪಂಪ್ ಇದೆ, ಅಂಗಳದ ನಡುವೆ ನಿಂತಿದೆ. ಅಂದಮೇಲೆ ಕಾರಂಜಿ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಬರೆಯುತ್ತಿದ್ದರು.

ಆದರೆ ಆ ಒಂದು ಪದ ಬೆಳೆಯುತ್ತಾ ಹೋಗಿ, ಕಲ್ಲಿನ ತಲೆಗೆ ಡ್ರಿಲ್ ಇಡುವ ಮಟ್ಟಕ್ಕೆ ಬಂತು. ನಾನು ಆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು. ಕಲ್ಲು ಕೊಡಿಸಿದ ಹಳೇ ವಿದ್ಯಾರ್ಥಿಗಳು ನನ್ನ ಕೈಯಲ್ಲಿ ಕಲಿತವರು. ಶಿಲ್ಪಿಯನ್ನು ಹುಡುಕಿಕೊಟ್ಟವನೂ ನಾನೇ. ಹಾಗಾಗಿ ಇದರಲ್ಲಿ ನಾನು ಹೊರಗಿನವನಲ್ಲ. ನಡೆದಿದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಅಭಿಪ್ರಾಯ ಎಲ್ಲಿದೆಯೋ ಅಲ್ಲಿ ಅದನ್ನೂ ಹೇಳುತ್ತೇನೆ.

ಕಲ್ಲು

ಎಸ್ಸೆಸ್ಸೆಲ್ಸಿ ಮುಗಿಸಿ 25 ವರ್ಷ ಆಯಿತು ಅಂತ ಒಂದು ಬ್ಯಾಚಿನವರು ಸೇರಿ ಶಾಲೆಗೆ ಏನಾದರೂ ಕೊಡಬೇಕು ಅಂದುಕೊಂಡರು. ನೀರಿನ ಫಿಲ್ಟರ್ ಆಗಲೇ ಇತ್ತು. ಕಂಪ್ಯೂಟರ್ ಬೇರೆಯವರು ಕೊಟ್ಟಿದ್ದರು. "ಸರ್, ಅಂಗಳದಾಗ ಒಂದು ಚೆಂದಂದು ಏನರ ಮಾಡಸೋಣ" ಅಂದರು.

ಶಿಲ್ಪಿ ಕುಷ್ಟಗಿ ಕಡೆಯವರು. ಅವರ ತಂದೆ ಒರಳು, ಬೀಸುಕಲ್ಲು ಮಾಡುತ್ತಿದ್ದರು. ಇವರು ಕಾಲೇಜಿನಲ್ಲಿ ಶಿಲ್ಪ ಓದಿಕೊಂಡು ಬಂದು ಊರಲ್ಲೇ ಕೆಲಸ ಮಾಡುತ್ತಾರೆ. ಕ್ವಾರಿಯಲ್ಲಿ ಬೇಡ ಅಂತ ಬಿಟ್ಟಿದ್ದ ಕೆಂಪು ಗ್ರಾನೈಟಿನ ಒಂದು ತುಂಡನ್ನು ಆರಿಸಿದರು. ಏಳು ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ದಪ್ಪ. ಗ್ರಾನೈಟು ಒಂದು ಘನ ಮೀಟರಿಗೆ ಎರಡೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಆ ಲೆಕ್ಕದಲ್ಲಿ ಇದು ಎರಡು ಟನ್ನಿಗೂ ಮೇಲೆ. ಕ್ರೇನ್ ತಂದೇ ನಿಲ್ಲಿಸಬೇಕಾಯಿತು.

ಹಿಂಭಾಗವನ್ನು ಅವರು ಮುಟ್ಟಲಿಲ್ಲ. ಕ್ವಾರಿಯಲ್ಲಿ ಬಂಡೆ ಸೀಳುವಾಗ ಬಿದ್ದ ಡ್ರಿಲ್ ಗೆರೆಗಳು ಹಾಗೇ ಇವೆ. ಮುಂಭಾಗದ ಮೇಲರ್ಧ ಕನ್ನಡಿಯ ಹಾಗೆ ಪಾಲಿಶ್. ಕೆಳಗಿನ ಅರ್ಧ ಚಾಣ ಹೊಡೆದು ಒರಟು ಮಾಡಿದ್ದು. ಮೇಲಿನಿಂದ ಕೆಳಗಿನವರೆಗೆ ಒಂದು ಗಾಡು, ಅಂದರೆ ಕಲ್ಲಿನಲ್ಲಿ ಕೊರೆದ ತೋಡು ಓಡುತ್ತದೆ, ಹೊಲದ ಕಾಲುವೆಯ ಹಾಗೆ, ಅಲ್ಲಲ್ಲಿ ಅಗಲವಾಗಿ, ಅಲ್ಲಲ್ಲಿ ಇಕ್ಕಟ್ಟಾಗಿ. ಕಲ್ಲಿನ ಒಳಗೆ ಒಂದೂವರೆ ಇಂಚಿನ ತೂತು. ಕೆಳಗಿನ ತೊಟ್ಟಿಯಿಂದ ಪಂಪು ನೀರನ್ನು ತಲೆಗೆ ಏರಿಸುತ್ತದೆ. ನೀರು ತಲೆಯ ಮೇಲೆ ತುಂಬಿ, ಅಂಚು ದಾಟಿ, ಮೈಮೇಲೆ ತೆಳ್ಳಗೆ ಇಳಿಯುತ್ತದೆ. ಪಾಲಿಶ್ ಇದ್ದ ಕಡೆ ಸರ್ರನೆ ಜಾರುತ್ತದೆ. ಒರಟು ಕಲ್ಲಿಗೆ ಬಂದಾಗ ತಡವರಿಸಿ ಹರಡಿಕೊಳ್ಳುತ್ತದೆ. ಕೊನೆಗೆ ದನಕ್ಕೆ ನೀರು ಕುಡಿಸುವಂಥ ಒಂದು ಕಲ್ಲಿನ ದೋಣಿಗೆ ಬೀಳುತ್ತದೆ. ಹತ್ತಿರ ಹೋದರೆ ಮಾತ್ರ ಸದ್ದು ಕೇಳುತ್ತದೆ.

ವಾಲ್ವ್ ತಿರುಗಿಸಿದ ದಿನ

ಮೊದಲ ಆರು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಪಂಪಿನ ಸದ್ದು ಬದಲಾಯಿತು ಅಂತ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಅವನು ಬಂದವನೇ ನೋಡಿ, "ಸರ್ರ, ಇದ್ರಾಗ ಪ್ರೆಶರೇ ಇಲ್ಲ. ವಾಲ್ವ್ ಅರ್ಧ ಬಂದ್ ಮಾಡ್ಯಾರ ನೋಡ್ರಿ" ಅಂತ ವಾಲ್ವನ್ನು ಪೂರ್ತಿ ತಿರುಗಿಸಿದ.

ನೀರು ಕಲ್ಲಿನ ತಲೆಯಿಂದ ಒಂದೂವರೆ ಅಡಿ ಮೇಲಕ್ಕೆ ಚಿಮ್ಮಿತು. ಊಟದ ಬಿಡುವಿನ ಹೊತ್ತು. ಮಕ್ಕಳೆಲ್ಲ ಓಡಿ ಬಂದು ಚಪ್ಪಾಳೆ ಹೊಡೆದರು. ಹನಿ ಹಾರಿ ಎಲ್ಲರ ಮುಖದ ಮೇಲೆ ಬಿತ್ತು. ಅವತ್ತು ನಾನೂ ಅಲ್ಲಿದ್ದೆ. ಖುಷಿಯಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಆದರೆ ಒಂದು ವಿಷಯ ಗಮನಿಸಿದೆ. ನೀರು ಚಿಮ್ಮುತ್ತಿದ್ದಷ್ಟು ಹೊತ್ತು ಒಬ್ಬರೂ ಕಲ್ಲನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಕಲ್ಲಿನಿಂದ ಮೇಲೆ, ಗಾಳಿಯಲ್ಲಿ. ನೀರು ಮೈಮೇಲೆ ಇಳಿಯುವುದನ್ನು ಬಿಟ್ಟು ಹೊರಗೆ ಸಿಡಿಯುತ್ತಿತ್ತು. ಏಳಡಿ ಕಲ್ಲು ಬರೀ ಒಂದು ಪೈಪಾಗಿ ನಿಂತಿತ್ತು. ಅದೇ ಕಲ್ಲು, ಅದೇ ಪಂಪು, ಅದೇ ನೀರು. ಬದಲಾಗಿದ್ದು ವಾಲ್ವಿನ ಅರ್ಧ ಸುತ್ತು ಮಾತ್ರ.

ಆ ಚಪ್ಪಾಳೆಯಿಂದಲೇ ಮುಂದಿನದ್ದು ಶುರುವಾಯಿತು. ಬ್ಯಾಚಿನಲ್ಲಿ ಜಾಸ್ತಿ ಹಣ ಕೊಟ್ಟಿದ್ದ ಒಬ್ಬರು ಆ ವಿಡಿಯೋ ನೋಡಿ, ಇನ್ನೂ ಚೆನ್ನಾಗಿ ಮಾಡಿಸೋಣ ಅಂದರು. ತಲೆಯ ತೂತನ್ನು ದೊಡ್ಡದು ಮಾಡಿ, ಐದು ಬಾಯಿಯ ನಾಝಲ್ ಕೂರಿಸಿ, ಸುತ್ತ ಬಣ್ಣದ ಎಲ್‌ಇಡಿ ಹಾಕುವುದು. ವಾರ್ಷಿಕೋತ್ಸವದ ಹೊತ್ತಿಗೆ ತಯಾರಾಗಬೇಕು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲೂ ಎಲ್ಲರೂ ಹೂಂ ಅಂದರು. ರಿಜಿಸ್ಟರಿನಲ್ಲಿ ಕಾರಂಜಿ ಅಂತಲೇ ಇತ್ತು. ಕಾರಂಜಿಗೆ ನಾಝಲ್ ಬದಲಿಸುವುದಕ್ಕೆ ಯಾರನ್ನು ಕೇಳಬೇಕು?

ಶಿಲ್ಪಿಗೆ ಸುದ್ದಿ ಮುಟ್ಟಿಸಿದವನು ನಾನು. ಅವರು ಮರುದಿನವೇ ಬಂದರು. ಕಲ್ಲಿನ ಮೇಲೆ ಕೈ ಇಟ್ಟು ಹೇಳಿದರು: "ಇದು ಕಾರಂಜಿ ಅಲ್ರಿ ಸರ್. ಕಾರಂಜ್ಯಾಗ ನೀರು ಚಿಮ್ಮತೈತಿ. ಇಲ್ಲಿ ಚಿಮ್ಮಂಗಿಲ್ಲ, ಒಸರತೈತಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಭಾಷೆಯಲ್ಲಿ ನೀರಿನ ಒಂದೊಂದು ನಡೆಗೂ ಒಂದೊಂದು ಮಾತಿದೆ. ಚಿಮ್ಮುವುದು, ಉಕ್ಕುವುದು, ಹರಿಯುವುದು, ಜಿನುಗುವುದು, ಒಸರುವುದು, ತೊಟ್ಟಿಕ್ಕುವುದು. ಹಳ್ಳದ ಉಸುಕನ್ನು ಕೈಯಿಂದ ಬಗೆದಾಗ ನಿಧಾನಕ್ಕೆ ನೀರು ಸೇರುತ್ತದಲ್ಲ, ಅದು ಒರತೆ. ಅದನ್ನು ಯಾರೂ ಕಾರಂಜಿ ಅನ್ನುವುದಿಲ್ಲ. ಇಂಗ್ಲಿಷಿನ ಫೌಂಟನ್ ಪದ ಹಾಗಲ್ಲ. ಅದರ ಬೇರು ಲ್ಯಾಟಿನ್ನಿನ ಫೋನ್ಸ್, ಅಂದರೆ ನೆಲದಿಂದ ಬರುವ ಬುಗ್ಗೆ. ಅವರ ಪದ ನೀರು ಎಲ್ಲಿಂದ ಬಂತು ಅನ್ನುವುದರಿಂದ ಹುಟ್ಟಿದೆ. ನಮ್ಮ ಕಾರಂಜಿಯಲ್ಲಿ ನೀರು ಮೇಲಕ್ಕೆ ಏಳಬೇಕು. ಸ್ಟಾಕ್ ರಿಜಿಸ್ಟರಿನಲ್ಲಿ ಆಗಿದ್ದ ತಪ್ಪು ಇಲ್ಲಿತ್ತು ಅಂತ ನನಗೆ ಅನ್ನಿಸಿತು. ಫೌಂಟನ್ ಅನ್ನುವ ಅಗಲವಾದ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು, ಕಾರಂಜಿ ಅನ್ನುವ ಇಕ್ಕಟ್ಟಿನ ಪದ ಬರೆದುಬಿಟ್ಟಿದ್ದರು.

ಬೇಸಿಗೆ

ಅಷ್ಟರಲ್ಲಿ ಮಾರ್ಚ್ ಬಂತು. ಬೋರ್‌ವೆಲ್ ನೀರು ಕೆಳಗಿಳಿಯಿತು. ಪಂಪ್ ಓಡಿಸಿದರೆ ಬಿಸಿಲಿಗೆ ಆರಿಹೋಗುವ ನೀರಿಗೆ ದಿನಾ ನಾಲ್ಕೈದು ಕೊಡ ತುಂಬಿಸಬೇಕಿತ್ತು. ಬಿಸಿಯೂಟದ ಅಡುಗೆಯ ಅಕ್ಕ ಒಂದು ದಿನ ನೇರವಾಗಿ ಕೇಳಿದರು: "ಭಾಂಡೆ ತೊಳ್ಯಾಕ ನೀರಿಲ್ಲ, ಕಲ್ಲಿಗೆ ಜಳಕಾ ಮಾಡಸ್ತೀರೇನ್ರಿ?"

ಈ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಇರಬಾರದು ಕೂಡ. ಪಂಪ್ ಬಂದ್ ಆಯಿತು. ಆಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ನಮ್ಮ ಗಡಸು ನೀರು ಆರು ತಿಂಗಳಲ್ಲಿ ಕಲ್ಲಿನ ಮೈಮೇಲೆ ಬಿಳಿ ಪೊರೆ ಕಟ್ಟಿತ್ತು. ನೀರು ಆರಿದ ಮೇಲೆ ಉಳಿಯುವ ಸುಣ್ಣ ಅದು. ನೀರು ಹರಿಯುವಾಗ ಕಾಣುತ್ತಿರಲಿಲ್ಲ. ಎರಡು, ಹೆಡ್‌ಮಾಸ್ತರರ ಚಿಂತೆ. ಓಡದೇ ನಿಂತ ಉಪಕರಣವನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ನಿರುಪಯುಕ್ತ ಅಂತ ತೋರಿಸಬೇಕಾಗುತ್ತಾ? ಹಾಗಂತ ಶಿಲ್ಪ ಅಂತ ತಿದ್ದಿದರೆ, "ಮೂರ್ತಿ ಅಂದ್ರ ಯಾರ ಮೂರ್ತಿ ಅಂತ ಕೇಳ್ತಾರ ಸರ್ರ" ಅಂದರು. ಅವರ ಭಯವೂ ನ್ಯಾಯವಾದದ್ದೇ. ನಮ್ಮಲ್ಲಿ ಶಿಲ್ಪ ಅಂದರೆ ದೇವರು ಇಲ್ಲವೇ ಮಹಾಪುರುಷರು ಅಂತಲೇ ಎಲ್ಲರೂ ತಿಳಿಯುತ್ತಾರೆ. ಯಾರ ರೂಪವೂ ಅಲ್ಲದ ಕಲ್ಲನ್ನು ಬರೆದುಕೊಳ್ಳಲು ನಮ್ಮ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ.

ನೀರು ನಿಂತಿದ್ದರಿಂದ ನನಗೆ ಒಂದು ಅವಕಾಶ ಸಿಕ್ಕಿತು. ನೀರು ಬಂದ್ ಮಾಡಿ ನೋಡು, ಉಳಿದದ್ದು ಶಿಲ್ಪವಾದರೆ ಶಿಲ್ಪ, ಬರೀ ಪೈಪಾದರೆ ಕಾರಂಜಿ. ಹೀಗೆ ಹೇಳುವುದು ಸುಲಭ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಅದು ಅಷ್ಟೇ ಆಗಿದ್ದರೆ ಕಲ್ಲಿನ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಹೆಡ್‌ಮಾಸ್ತರರನ್ನು ಕೇಳಿ ಒಂಬತ್ತನೇ ತರಗತಿಯ ಮಕ್ಕಳನ್ನು ಮೂರು ಬೆಳಗ್ಗೆ ಕಲ್ಲಿನ ಮುಂದೆ ಚಿತ್ರ ಬರೆಯಲು ಕೂರಿಸಿದೆ. ಮೊದಲ ದಿನ ಒಣ ಕಲ್ಲು. ಕೊನೆಯ ದಿನ ಹತ್ತೇ ನಿಮಿಷ ಪಂಪ್. ನಡುವಿನ ದಿನ ಏನು ಮಾಡಬೇಕೆಂದು ನಾನು ಯೋಚಿಸಿರಲಿಲ್ಲ. ಅದನ್ನು ಮಕ್ಕಳೇ ಕಂಡುಕೊಂಡರು.

ಒಣ ಕಲ್ಲಿನಲ್ಲಿ ಹೆಚ್ಚಿನವರು ಹಿಂಭಾಗಕ್ಕೆ ಹೋಗಿ ಕೂತರು. ಡ್ರಿಲ್ ಗೆರೆಗಳನ್ನು ಬರೆದರು. ಆರು ತಿಂಗಳಲ್ಲಿ ಯಾರೂ ಆ ಕಡೆ ಹೋಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮುಂದೆ ಕೂತವರು ಗಾಡು ಬರೆದರು, ಒಬ್ಬ ಅದನ್ನು ಹಾವು ಅಂದ, ಇನ್ನೊಬ್ಬಳು ಹೊಲದ ಕಾಲುವೆ ಅಂದಳು. ಎರಡನೇ ದಿನ ಒಬ್ಬ ಹುಡುಗಿ, "ಸರ್ರ, ಒಂದ ಕೊಡ ಹಾಕಲೇನ್ರಿ?" ಅಂದಳು. ಸ್ಟೂಲ್ ಹಾಕಿ ಹತ್ತಿಸಿದೆವು. ಕೊಡ ಬಗ್ಗಿಸಿದಳು.

ನೀರು ಮೈತುಂಬ ಇಳಿಯಿತು. ಪಾಲಿಶ್ ಭಾಗ ನೋಡನೋಡುತ್ತಲೇ ಆರಿತು. ಒರಟು ಭಾಗ ಕಪ್ಪಗೆ, ದಟ್ಟ ಕೆಂಪಾಗಿ ಒದ್ದೆಯಾಗಿ ಉಳಿಯಿತು. ಆಮೇಲೆ ಅಂಚಿನಿಂದ ಒಳಕ್ಕೆ ಆರುತ್ತಾ ಬಂತು. ಕೊನೆಗೆ ಗಾಡು ಒಂದೇ ಒದ್ದೆಯಾಗಿ ಉಳಿದು, ಒಣ ಕಲ್ಲಿನ ನಡುವೆ ಕಪ್ಪು ಗೆರೆಯಾಗಿ ನಿಂತಿತು. ಅಷ್ಟು ಹೊತ್ತೂ ಮಕ್ಕಳು ಪೆನ್ಸಿಲ್ ಹಿಡಿದು ಸುಮ್ನೆ ನೋಡುತ್ತಾ ಕೂತಿದ್ದರು. ಪಂಪ್ ಓಡುವಾಗ ಈ ಆರುವಿಕೆ ಯಾವತ್ತೂ ಕಂಡಿರಲಿಲ್ಲ. ಕಲ್ಲು ಯಾವಾಗಲೂ ಒದ್ದೆಯೇ ಇರುತ್ತಿತ್ತಲ್ಲ. ಎರಡು ಬಗೆಯ ಮೈ ಯಾಕೆ ಮಾಡಿದ್ದು ಅಂತ ನನಗೆ ಅವತ್ತು ಪೂರ್ತಿ ತಿಳಿಯಿತು.

ಇಲ್ಲಿಗೆ ನನ್ನ ಸುಲಭದ ಪರೀಕ್ಷೆ ಸೋತಿತು. ನೀರು ಬಂದ್ ಮಾಡಿದಾಗಲೂ ಕಲ್ಲು ಚೆನ್ನಾಗಿತ್ತು ನಿಜ. ಆದರೆ ಒಂದು ಕೊಡ ನೀರು ಬಿದ್ದಾಗ ಅದು ಪೂರ್ತಿಯಾಯಿತು. ಅಂದರೆ ನೀರು ಅದಕ್ಕೆ ಮೇಲಿಂದ ಹಾಕಿದ ಅಲಂಕಾರ ಅಲ್ಲ, ಅದರ ಮೈಯ ಒಂದು ಭಾಗ. ಅಷ್ಟಕ್ಕೇ ಅದು ಕಾರಂಜಿ ಆಗುವುದೂ ಇಲ್ಲ.

ನಮ್ಮ ಕಡೆಯ ಹಳೇ ಗುಡಿಗಳನ್ನು ನೋಡಿ. ಗರ್ಭಗುಡಿಯ ಅಭಿಷೇಕದ ನೀರು ಉತ್ತರದ ಗೋಡೆಯಿಂದ ಹೊರಗೆ ಬರಲು ಒಂದು ಕಲ್ಲಿನ ಪ್ರನಾಳ ಇರುತ್ತದೆ. ಎಷ್ಟೋ ಕಡೆ ಅದಕ್ಕೆ ಮೊಸಳೆಯಂಥ ಮಕರದ ಬಾಯಿ. ಪೂಜೆ ನಿಂತ ಗುಡಿಯಲ್ಲಿ ಅದು ಒಣಗಿ ಎಷ್ಟು ಕಾಲ ಆಗಿರುತ್ತದೋ. ಆದರೂ ಆ ಬಾಯಿ ತೆರೆದ ರೀತಿ, ಕೆಳತುಟಿ ಮುಂದೆ ಬಂದ ರೀತಿ, ಎಲ್ಲವೂ ನೀರಿಗಾಗಿ. ಅದು ಪೈಪೂ ಹೌದು, ಶಿಲ್ಪವೂ ಹೌದು. ನಮ್ಮೂರ ಹತ್ತಿರದ ಇಟಗಿಯ ಮಹಾದೇವ ಗುಡಿ 1112ರದ್ದು. ಆ ಕಾಲದ ಕೆಲಸಗಾರರು ಈ ಎರಡನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ನಾನು ಬಂದು ನಿಂತಿದ್ದು ಇಲ್ಲಿ: ಮಾಡಿದವರು ರೂಪ ಕೊಟ್ಟಿದ್ದು ಯಾವುದಕ್ಕೆ? ನೀರಿಗೋ, ಕಲ್ಲಿಗೋ?

ಕೃಷ್ಣರಾಜಸಾಗರದ ಬೃಂದಾವನದಲ್ಲಿ ರೂಪ ಸಿಗುವುದು ನೀರಿಗೆ. ನೀರೇ ಅಲ್ಲಿ ಹೂವಾಗುತ್ತದೆ, ಬೀಸಣಿಗೆಯಾಗುತ್ತದೆ. ಒತ್ತಡವೇ ಅದರ ಅಚ್ಚು. ನಾಝಲ್ ಬದಲಿಸಿದರೆ ಇನ್ನೊಂದು ಹೂವು. ಅದನ್ನು ಕೀಳು ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕಾರಂಜಿ ಮಾಡುವುದು ದೊಡ್ಡ ವಿದ್ಯೆ. ಜಿನೀವಾ ಸರೋವರದಲ್ಲಿ 140 ಮೀಟರ್ ಎತ್ತರ ಚಿಮ್ಮುವ ಕಾರಂಜಿ ಇದೆಯಲ್ಲ, ಅದರ ಸುತ್ತ ಒಂದು ಶಿಲ್ಪವೂ ಇಲ್ಲ. 1886ರಲ್ಲಿ ಅದು ಬರೀ ಒಂದು ಸುರಕ್ಷತಾ ವಾಲ್ವ್ ಆಗಿತ್ತು. ಕಾರ್ಖಾನೆಗಳಿಗೆ ಶಕ್ತಿ ಕೊಡುವ ನೀರಿನ ಒತ್ತಡ ಜಾಸ್ತಿಯಾದಾಗ ಹೊರಗೆ ಬಿಡುವ ದಾರಿ. ಜನ ನೋಡಿ ಮೆಚ್ಚಿದರು. 1891ರಲ್ಲಿ ನೋಡುವುದಕ್ಕೆಂದೇ ಈಗಿನ ಜಾಗದಲ್ಲಿ ಕಟ್ಟಿದರು. ಆಗ ಅದು ಕಾರಂಜಿಯಾಯಿತು. ನಮ್ಮ ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಿಂದ ನೀರು ಬಿಟ್ಟಾಗ ಬುತ್ತಿ ಕಟ್ಟಿಕೊಂಡು ಹೋಗಿ ನೋಡುತ್ತೇವೆ. ಎಷ್ಟು ಚೆಂದ! ಆದರೂ ಅದನ್ನು ಯಾರೂ ಕಾರಂಜಿ ಅನ್ನುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ಹಾಗೆ ಅದು. ನೋಡಲಿ ಅಂತ ಬಿಟ್ಟ ನೀರಲ್ಲ.

ಕೆಲವು ಕಡೆ ಎರಡಕ್ಕೂ ರೂಪ ಕೊಟ್ಟಿರುತ್ತಾರೆ. ರೋಮ್ ನಗರದಲ್ಲಿ ಶಿಲ್ಪಿ ಬರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿ ಹಾಗಿದೆ. ಆ ನಾಲ್ಕರಲ್ಲಿ ನಮ್ಮ ಗಂಗೆಯೂ ಒಂದು, ಹುಟ್ಟು ಹಿಡಿದು ಕೂತ ಗಂಡಸಿನ ರೂಪದಲ್ಲಿ. ಶಿಕಾಗೋದಲ್ಲಿ 2004ರಿಂದ ಇರುವ ಕ್ರೌನ್ ಫೌಂಟನ್ ನಮ್ಮ ಕಥೆಗೆ ಇನ್ನೂ ಹತ್ತಿರ. ಎದುರುಬದುರಾಗಿ ಐವತ್ತು ಅಡಿಯ ಎರಡು ಗಾಜಿನ ಇಟ್ಟಿಗೆಯ ಗೋಪುರಗಳು. ಅವುಗಳ ಮೇಲೆ ಆ ಊರಿನ ಜನರದ್ದೇ ಮುಖ ಮೂಡುತ್ತದೆ, ಬಾಯಿಂದ ನೀರು ಬರುತ್ತದೆ. ಚಳಿಗಾಲದಲ್ಲಿ ಅಲ್ಲಿ ನೀರು ಬಂದ್. ಮುಖಗಳು ಮಾತ್ರ ಮೂಡುತ್ತಲೇ ಇರುತ್ತವೆ. ಅವರಿಗೆ ಹಿಮ, ನಮಗೆ ಬಿಸಿಲು. ವರ್ಷದಲ್ಲಿ ಕೆಲವು ತಿಂಗಳು ನೀರಿಲ್ಲದೆ ಇರುವುದು ಕೃತಿಯ ಸೋಲಲ್ಲ ಅನ್ನುವುದಕ್ಕೆ, ಆಮೇಲೆ ಇದನ್ನು ತೀರ್ಮಾನಿಸಲು ಸೇರಿದ ಸಭೆಯಲ್ಲಿ ಇದನ್ನೇ ಹೇಳಿದೆ. ಹೆಡ್‌ಮಾಸ್ತರರ ಮುಖ ಸ್ವಲ್ಪ ಹಗುರಾಯಿತು.

ನಮ್ಮ ಕಲ್ಲಿನಲ್ಲಿ ರೂಪ ಸಿಕ್ಕಿದ್ದು ಕಲ್ಲಿಗೆ. ನೀರು ಆ ರೂಪವನ್ನು ನಮ್ಮ ಕಣ್ಣಿಗೆ ಓದಿಸುತ್ತದೆ. ವಾಲ್ವ್ ಪೂರ್ತಿ ತೆರೆದ ದಿನ ಅದು ತಲೆಕೆಳಗಾಗಿತ್ತು, ರೂಪ ನೀರಿಗೆ ಹೋಗಿ ಕಲ್ಲು ಬರಿದಾಗಿತ್ತು.

ಕಾನೂನಿನ ಮಾತು

ಬ್ಯಾಚಿನಲ್ಲಿ ಒಬ್ಬರು ವಕೀಲರು. ಅವರು ಸಭೆಗೆ 1957ರ ಕೃತಿಸ್ವಾಮ್ಯ ಕಾಯ್ದೆ ತಂದಿದ್ದರು. ನಮ್ಮ ಪ್ರಕರಣದಲ್ಲಿ ಇದು ತುಂಬಾ ಉಪಯೋಗಕ್ಕೆ ಬಂತು. ಆ ಕಾಯ್ದೆ ಶಿಲ್ಪವನ್ನು ಕಲಾಕೃತಿಗಳ ಸಾಲಿನಲ್ಲಿ ಸೇರಿಸುತ್ತದೆ, ಅದರಲ್ಲಿ ಕಲೆಯ ಗುಣ ಇದೆಯೋ ಇಲ್ಲವೋ ಅಂತ ಅಳೆಯಲು ಹೋಗುವುದಿಲ್ಲ. 57ನೇ ಕಲಂ ಪ್ರಕಾರ, ಕೃತಿ ಮಾರಿದ ಮೇಲೂ ಮಾಡಿದವರಿಗೆ ಒಂದು ಹಕ್ಕು ಉಳಿಯುತ್ತದೆ. ಅವರ ಗೌರವಕ್ಕೆ ಧಕ್ಕೆ ಬರುವಂತೆ ಕೃತಿಯನ್ನು ಕೆಡಿಸಿದರೆ, ತಿರುಚಿದರೆ ಅವರು ಕೇಳಬಹುದು. ಹೀಗೆ ಕೇಳಿದವರು ಶಿಲ್ಪಿ ಅಮರನಾಥ ಸೆಹಗಲ್. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅವರು ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದದ್ದನ್ನು ಅವರಿಗೆ ವಾಪಸ್ ಕೊಡಬೇಕು, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಬೇಕು ಅಂತ ತೀರ್ಪು ಕೊಟ್ಟಿತು.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಕೃತಿಯನ್ನು ಪ್ರದರ್ಶಿಸದೇ ಇರುವುದು, ಇಲ್ಲವೇ ಮಾಡಿದವರಿಗೆ ಸಮಾಧಾನವಾಗುವ ಹಾಗೆ ಪ್ರದರ್ಶಿಸದೇ ಇರುವುದು, ಇವು ಹಕ್ಕಿನ ಉಲ್ಲಂಘನೆ ಅಲ್ಲ. ನಮಗೆ ಬೇಕಾಗಿದ್ದು ಇದೇ. ವಕೀಲರು ಹೀಗೆ ಬಿಡಿಸಿ ಹೇಳಿದರು: ನೀರು ನಿಲ್ಲಿಸುವುದರಿಂದ ಶಿಲ್ಪಿಗೆ ಅನ್ಯಾಯ ಆಗುವುದಿಲ್ಲ. ತಲೆಗೆ ಡ್ರಿಲ್ ಹಾಕಿದರೆ ಆಗಬಹುದು. ಅಡುಗೆಯ ಅಕ್ಕನ ಮಾತೂ ಉಳಿಯಿತು, ಶಿಲ್ಪಿಯ ಮಾತೂ ಉಳಿಯಿತು.

ತೀರ್ಮಾನ

ರಿಜಿಸ್ಟರಿನ ಆ ಸಾಲಿಗೆ ಗೆರೆ ಎಳೆದು ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದರು. "ಕಲ್ಲಿನ ಶಿಲ್ಪ, ನೀರು ಇಳಿಯುವಂಥದ್ದು – 1." "ನೀರಿನ ಪಂಪ್, ಅರ್ಧ ಎಚ್‌ಪಿ – 1." ಪಂಪ್ ಕೆಟ್ಟರೆ ನಿರುಪಯುಕ್ತಕ್ಕೆ ಹಾಕಬಹುದು, ಹೊಸದು ತರಬಹುದು. ಕಲ್ಲಿಗೆ ಆ ಮಾತಿಲ್ಲ. 'ಮೂರ್ತಿ' ಅನ್ನುವ ಪದವನ್ನು ಎಲ್ಲೂ ಬಳಸಲಿಲ್ಲ.

ಮಳೆಗಾಲದಿಂದ ಜನವರಿವರೆಗೆ ಮಾತ್ರ ಪಂಪ್ ಓಡಿಸುವುದು ಅಂತಾಯಿತು. ತೊಟ್ಟಿಗೆ ಬೋರ್‌ವೆಲ್ ನೀರಿನ ಬದಲು ಶಾಲೆಯ ಮಾಳಿಗೆಯ ಮಳೆನೀರನ್ನು ಪೈಪಿನಲ್ಲಿ ತಂದು ಬಿಟ್ಟರು. ಮಳೆನೀರಿನಲ್ಲಿ ಸುಣ್ಣ ಇರುವುದಿಲ್ಲ, ಪೊರೆ ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಶನಿವಾರಕ್ಕೆ ಒಂದು ಕೊಡ, ಮಕ್ಕಳೇ ಹಾಕುತ್ತಾರೆ. ವಾಲ್ವಿನ ಹಿಡಿಯನ್ನು ಶಿಲ್ಪಿ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಹಿಡಿ ಬಿಚ್ಚಿ ಹೆಡ್‌ಮಾಸ್ತರರ ಕೈಗೆ ಕೊಟ್ಟರು.

ಬಿಳಿ ಪೊರೆಗೆ ಸಿಪಾಯಿ ಬಾತ್‌ರೂಮ್ ಆಸಿಡ್ ತಂದಿಟ್ಟಿದ್ದ. ಪುಣ್ಯಕ್ಕೆ ಹಚ್ಚಿರಲಿಲ್ಲ. ಜೋರಾದ ಆಸಿಡ್ ಗ್ರಾನೈಟಿನ ಬಣ್ಣವನ್ನೇ ಕೆಡಿಸಬಹುದು. ಶಿಲ್ಪಿ ನಿಂಬೆರಸದಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಅಂಟಿಸಿ, ಉಜ್ಜಿ, ನೀರಿನಿಂದ ತೊಳೆದರು. ಪಾಲಿಶ್ ಭಾಗ ಸ್ವಚ್ಛವಾಯಿತು. ಗಾಡಿನ ಕೆಳಗಿನ ಪೊರೆಯನ್ನು ಹಾಗೇ ಬಿಟ್ಟರು, ಅಲ್ಲಿ ಕೆರೆದರೆ ಚಾಣದ ಪೆಟ್ಟು ಹೋಗುತ್ತದೆ ಅಂತ. ಇದೊಂದರಲ್ಲಿ ನನಗೆ ಸಮಾಧಾನ ಇಲ್ಲ. ಆ ಬಿಳಿ ಕಣ್ಣಿಗೆ ಚುಚ್ಚುತ್ತದೆ. ಅವರಿಗೆ ಹೇಳಿದ್ದೇನೆ, ಅವರು ಒಪ್ಪಿಲ್ಲ.

ಬಣ್ಣದ ಲೈಟು ಕೇಳಿದ್ದ ಹಳೇ ವಿದ್ಯಾರ್ಥಿಗೆ ಬೇಜಾರಾಗಿದ್ದು ನಿಜ. ಮಕ್ಕಳ ಆ ಚಪ್ಪಾಳೆಯನ್ನು ಅವನು ಮರೆತಿಲ್ಲ, ನಾನೂ ಮರೆತಿಲ್ಲ. ಗೇಟಿನ ಹತ್ತಿರ ಬೇರೆಯಾಗಿ ಒಂದು ಕಾರಂಜಿ, ನಿಜವಾದ ಚಿಮ್ಮುವ ಕಾರಂಜಿ ಮಾಡಿಸು, ಮಳೆನೀರಿನ ತೊಟ್ಟಿ ದೊಡ್ಡದಾದ ಮೇಲೆ ಅಂದಿದ್ದೇನೆ. ಯೋಚನೆ ಮಾಡುತ್ತಿದ್ದಾನೆ.

ಅಕ್ಟೋಬರಿನಲ್ಲಿ ಪಂಪ್ ಸುಟ್ಟುಹೋಯಿತು. ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಬೇರೆ ಪಂಪ್ ಕೂರಿಸಿ ಹೋದ. ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಡಿಸೆಂಬರಿನಲ್ಲಿ ಕ್ರೀಡಾಕೂಟದ ಶಾಮಿಯಾನದ ಕಂಬ ತಾಗಿ ಗಾಡಿನ ಅಂಚಿನಿಂದ ಬೆರಳುದ್ದದ ಒಂದು ಚೂರು ಹಾರಿತು. ಸಿಮೆಂಟಿನಿಂದ ಅಂಟಿಸಲು ಒಬ್ಬರು ಮುಂದೆ ಬಂದರು. ಸಿಪಾಯಿಯೇ ಅವರನ್ನು ತಡೆದು, ಚೂರನ್ನು ಹುಡುಕಿ ಪೇಪರಿನಲ್ಲಿ ಸುತ್ತಿಟ್ಟ. ಹೆಡ್‌ಮಾಸ್ತರರು ಕುಷ್ಟಗಿಗೆ ಫೋನ್ ಮಾಡಿದರು. ಸಂಕ್ರಾಂತಿ ಮುಗಿಸಿಕೊಂಡು ಬರುತ್ತೇನೆ, ಅಲ್ಲಿವರೆಗೆ ಯಾರೂ ಕೈ ಹಚ್ಚಬೇಡಿ ಅಂದಿದ್ದಾರೆ ಶಿಲ್ಪಿ. ಚೂರು ಕಪಾಟಿನಲ್ಲಿದೆ.